ಓಡುವ ಕ್ವಾರ್ಟರ್‌ಬ್ಯಾಕೂ ನಮ್ಮ ಮನೆಯ ಗೊಂದಲವೂ

ಗೊತ್ತಿಲ್ಲದ ವಿಷಯಕ್ಕೆ ತಲೆ ಹಾಕಬಾರದು ಎಂದು ಪ್ರತಿ ಸಲ ತೀರ್ಮಾನಿಸುತ್ತೇನೆ. ಪ್ರತಿ ಸಲವೂ ಮುಂದಿನ ಭಾನುವಾರ ಯಾವುದೋ ಮೈದಾನದ ಅಂಚಿನಲ್ಲಿ ಕೊಡೆ ಹಿಡಿದು ನಿಂತಿರುತ್ತೇನೆ.

ಕಾರಣ ನನ್ನ ಮಗ. ಯೂನಿವರ್ಸಿಟಿಯ ಕೊನೆಯ ವರ್ಷದಲ್ಲಿರುವ ಇವನು ಕ್ರಿಕೆಟ್ ಬಿಟ್ಟ, ನಾವಿರುವ ಇಂಗ್ಲಿಷರ ನಾಡಿನ ಫುಟ್‌ಬಾಲೂ ಬಿಟ್ಟ, ಅಮೆರಿಕದವರ ಫುಟ್‌ಬಾಲ್ ಹಿಡಿದ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನು ಚೆಂಡು ಹಿಡಿದು, ಮುಂದಿರುವ ತನ್ನವರಿಗೆ ಎಸೆಯಬೇಕು. ಅದು ಸಂಪ್ರದಾಯ. ಕೆಲವರು ಸಂಪ್ರದಾಯ ಬಿಟ್ಟು ತಾವೇ ಚೆಂಡು ಅವುಚಿಕೊಂಡು ಓಡುತ್ತಾರೆ. ಅಂಥವರನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದು ಕೆಡವುವುದು ನನ್ನ ಮಗನ ಕೆಲಸ. ಮೂರು ವರ್ಷದಲ್ಲಿ ಒಬ್ಬನನ್ನೂ ಕೆಡವಿರಲಿಲ್ಲ. ಡಿಗ್ರಿ ಮುಗಿಯುವುದರೊಳಗೆ ಒಬ್ಬನನ್ನಾದರೂ ಕೆಡವಲೇಬೇಕು ಎಂಬುದು ಅವನ ಹಠ.

ನನಗೂ ಒಂದು ಹಠವಿತ್ತು. ಭಾನುವಾರ ಬೆಳಿಗ್ಗೆ ಒಂದು ಚರ್ಚಿನ ಹಾಲ್‌ನಲ್ಲಿ ಆರು ವರ್ಷ ಕಾಲ ಮಕ್ಕಳಿಗೆ ಕನ್ನಡ ಕಲಿಸಿದೆ. ಮೇಷ್ಟ್ರೇ ಅನ್ನಿ ಎಂದರೆ ಅಂಕಲ್ ಅಂದರು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು, ನನ್ನ ಮಗನೂ ಸೇರಿ. ಕೊನೆಗೆ ಮಕ್ಕಳು ಬರುವುದು ನಿಂತು ತರಗತಿಯೂ ಮುಚ್ಚಿತು. ಒಬ್ಬನ ಬಾಯಿಂದಲೂ ಒಂದು ಪೂರ್ತಿ ಕನ್ನಡ ವಾಕ್ಯ ಬರಲಿಲ್ಲವಲ್ಲ ಎಂಬ ನೋವು ನನಗೆ ನಿಜವಾಗಿಯೂ ಇತ್ತು.

ನಿಂತೇ ಮಾಡುವ ಕೆಲಸ

ಮೊದಲ ಸಲ ಪಂದ್ಯ ನೋಡಲು ಹೋದಾಗ ಇಪ್ಪತ್ತೊಂದು ಜನ ಒಬ್ಬರ ಮೇಲೊಬ್ಬರು ಬಿದ್ದು ಒದ್ದಾಡುತ್ತಿದ್ದರು. ಇಪ್ಪತ್ತೆರಡನೆಯವನು ಮಂಡಿಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದ. ಅವನು ನನ್ನ ಮಗ.

ವಿರಾಮದಲ್ಲಿ ಬೈದೆ. "ಎಲ್ಲರೂ ಅಷ್ಟು ಕಷ್ಟಪಡ್ತಿದಾರೆ, ನೀನು ನೋಡ್ತಾ ನಿಂತಿದೀಯಲ್ಲೋ!"

"ಡ್ಯಾಡ್, ದಟ್ಸ್ ಮೈ ಜಾಬ್. ಅನ್‌ಟಿಲ್ ದ ಕ್ವಾರ್ಟರ್‌ಬ್ಯಾಕ್ ರನ್ಸ್, ಐ ಜಸ್ಟ್ ವಾಚ್" ಎಂದ.

ನನಗೆ ಏನೂ ಅರ್ಥವಾಗಲಿಲ್ಲ. ಹೆಂಡತಿಗೆ ಆಯಿತು. ಅವಳು ಹುಬ್ಬಳ್ಳಿಯವಳು, ವಿದನ್‌ಶಾದ ಆಸ್ಪತ್ರೆಯಲ್ಲಿ ಡಾಕ್ಟರ್, ಯಾವುದಕ್ಕೂ ಗಾಬರಿಯಾಗುವವಳಲ್ಲ. "ಬರೋಬರಿ ಐತ್ರಿ" ಎಂದಳು. "ಮನ್ಯಾಗ ನಾವು ಪಾತ್ರಿ ತೊಳಿಯೋ ಮುಂದನೂ ಹಿಂಗ ನಿಂತಿರ್ತಾನಲ್ಲ, ಪ್ರಾಕ್ಟೀಸ್ ಮಾಡತಿದ್ದಾಂತ ಈಗ ತಿಳೀತು."

ಎರಡು ಸಹಿ ಬೇಕು

ಬರ್ಚ್‌ವುಡ್‌ನ ಆಫೀಸಿನಲ್ಲಿ ನನ್ನ ಕೆಲಸ ಅಪಾಯಗಳ ಪಟ್ಟಿ ಮಾಡುವುದು. ಏನೇನು ಕೆಡಬಹುದು, ಕೆಟ್ಟರೆ ಏನು ಮಾಡಬೇಕು ಎಂದು ಬರೆದು ಇಬ್ಬರಿಂದ ಸಹಿ ಮಾಡಿಸಬೇಕು. ಓಡುವ ಕ್ವಾರ್ಟರ್‌ಬ್ಯಾಕೂ ಒಂದು ಅಪಾಯವೇ ತಾನೇ? ಒಂದು ಇಡೀ ಶನಿವಾರ ಕೂತು ಹನ್ನೊಂದು ಪುಟ ಬರೆದೆ. ಎಡಕ್ಕೆ ಓಡಿದರೆ ಹೀಗೆ, ಬಲಕ್ಕೆ ಓಡಿದರೆ ಹಾಗೆ, ಜಾರಿ ಬಿದ್ದರೆ ಮೇಲೆ ಬೀಳಬಾರದು.

ತಂಡದ ಕೋಚ್ ಲೀಡ್ಸ್ ಕಡೆಯ ದೊಡ್ಡ ಆಸಾಮಿ. ತಾಳ್ಮೆಯಿಂದ ಪೂರ್ತಿ ಓದಿದ. "ಚೆನ್ನಾಗಿದೆ. ಆದರೆ ಎಡಕ್ಕೆ ಓಡೋ ಹಾಗೆ ಮಾಡಿ, ಆಮೇಲೆ ಬಲಕ್ಕೆ ಓಡಿದರೆ?"

ಎಡ ಬಲ ಎಂದು ಬರೆದಿದ್ದ ಹದಿನೈದನೆಯ ಸಾಲನ್ನು ಮತ್ತೆ ಮತ್ತೆ ನೋಡಿದೆ. ಅದು ಹೊಳೆದೇ ಇರಲಿಲ್ಲ. "ಹಾಗಾದರೆ ತಿದ್ದಬೇಕು. ತಿದ್ದಿದರೆ ಮತ್ತೆ ಎರಡು ಸಹಿ ಬೇಕು. ಮೂರು ವಾರ ಆಗುತ್ತೆ" ಎಂದೆ.

ಕೋಚ್ ನನ್ನ ಹೆಗಲ ಮೇಲೆ ಕೈಯಿಟ್ಟ. "ಸರಿ. ಅಲ್ಲೀತನಕ ಕಾಯೋಕೆ ಆ ಕ್ವಾರ್ಟರ್‌ಬ್ಯಾಕ್‌ಗೆ ಹೇಳ್ತೀನಿ."

ಮೊಸರನ್ನದ ಪಾಠ

ಇನ್ನೊಂದು ಪಂದ್ಯದಲ್ಲಿ ಎದುರಿನ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಪಕ್ಕದವನಿಗೆ ಕೊಟ್ಟ. ನಮ್ಮವರೆಲ್ಲ ಆ ಪಕ್ಕದವನನ್ನು ಕೆಡವಿದರು. ನಾನು ಕೊಡೆ ಎಸೆದು ಕುಣಿದೆ. ನೋಡಿದರೆ ಚೆಂಡು ಕೊಟ್ಟೇ ಇರಲಿಲ್ಲ. ಕ್ವಾರ್ಟರ್‌ಬ್ಯಾಕ್ ಅದನ್ನು ಹಿಡಿದು, ದಾಟಿದರೆ ಅಂಕ ಸಿಗುವ ಗೆರೆಯಾಚೆ ನಿಂತಿದ್ದ. ಮಗ ಮನೆಗೆ ಬಂದು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಹೆಂಡತಿ ಅವನನ್ನು ಹಿತ್ತಲಿಗೆ ಕರೆದಳು. "ಅವನ ಕಣ್ಣ ಯಾಕ ನೋಡ್ತಿ? ಕೈ ಯಾಕ ನೋಡ್ತಿ? ಅವೆಲ್ಲಾ ಸುಳ್ಳ ಹೇಳತಾವು. ನಡ ನೋಡು. ನಡ ಎತ್ತ ಹೊಳ್ಳತದ, ಮನಷ್ಯಾ ಅತ್ತ ಹೊಕ್ಕಾನ."

ನಡ ಎಂದರೆ ಸೊಂಟ, ಹೊಳ್ಳುವುದು ಎಂದರೆ ತಿರುಗುವುದು ಎಂದು ನಾನು ಮಗನಿಗೆ ಅನುವಾದಿಸಿದೆ. ಕೋಚ್ ಕೂಡ ಇದನ್ನೇ ಹೇಳಿದ್ದನಂತೆ. ಮಗ ಬೆರಗಾಗಿ, "ಅಮ್ಮಾ, ಹೌ ಡು ಯು ನೋ?" ಎಂದ.

"ನೀ ಸಣ್ಣಾಂವಿದ್ದಾಗ ಎರಡು ವರ್ಷ ಮೊಸರನ್ನದ ತಾಟು ಹಿಡಕೊಂಡು ನಿನ್ನ ಹಿಂದ ಓಡೇನಿ. ಒಂದ ತುತ್ತು ತಪ್ಪಿಸಿಕೊಂಡಿಯೇನು, ಕೇಳ ನಿಮ್ಮಪ್ಪನ್ನ!"

ಗುಟ್ಟಿನ ಭಾಷೆ

ಮಗನ ಕೊನೆಯ ಪಂದ್ಯ ಹಡರ್ಸ್‌ಫೀಲ್ಡ್ ಹತ್ತಿರದ ಗಾಳಿ ಗುಡ್ಡದ ಮೇಲಿನ ಮೈದಾನದಲ್ಲಿ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೊದಲ ವರ್ಷದ ಹುಡುಗ, ಮೀನಿನ ಹಾಗೆ ಕೈಗೆ ಸಿಗದವನು. ನಮ್ಮ ಕೋಚ್ ಎಡ ಬಲ ಎಂದು ಕೂಗಿದ್ದನ್ನೆಲ್ಲ ಕೇಳಿಸಿಕೊಂಡು ಇನ್ನೊಂದು ಪಕ್ಕಕ್ಕೆ ಓಡುತ್ತಿದ್ದ.

ವಿರಾಮದಲ್ಲಿ ಮಗನೇ ಉಪಾಯ ಹೇಳಿದ. ಕೋಚ್ ನನ್ನ ಕಿವಿಯಲ್ಲಿ ಪಿಸುಗುಟ್ಟಬೇಕು, ನಾನು ಕನ್ನಡದಲ್ಲಿ ಕೂಗಬೇಕು. ಈ ಗುಡ್ಡದ ಮೇಲೆ ಯಾರಿಗೆ ಕನ್ನಡ ಬರುತ್ತದೆ? ನನ್ನ ಎದೆ ಉಬ್ಬಿತು. ಆರು ವರ್ಷದ ತಪಸ್ಸು ಕೊನೆಗೂ ಕೆಲಸಕ್ಕೆ ಬಂತಲ್ಲ!

"ಬಲಕ್ಕೆ!" ಎಂದು ಕೂಗಿದೆ. ಮಗ ಬಲಕ್ಕೆ ಹೋದ. ಕ್ವಾರ್ಟರ್‌ಬ್ಯಾಕ್ ಇನ್ನೊಂದು ಪಕ್ಕದಿಂದ ಪಾರಾದ. "ಎಡಕ್ಕೆ!" ಎಂದೆ. ಮತ್ತೆ ಅದೇ. "ಅಲ್ಲೇ ನಿಂತ್ಕೋ!" ಎಂದೆ. ಕ್ವಾರ್ಟರ್‌ಬ್ಯಾಕ್ ಆರಾಮಾಗಿ ಸುತ್ತು ಹಾಕಿಕೊಂಡು ಹೋದ. ನನ್ನ ಬಾಯಲ್ಲೇ ಶನಿ ಇರಬೇಕು ಅನ್ನಿಸಿತು. ಕೋಚ್ ನನ್ನನ್ನು ಅನುಮಾನದಿಂದ ನೋಡತೊಡಗಿದ.

ಪಂದ್ಯ ಮುಗಿಯಲು ಇನ್ನೊಂದೇ ಸರದಿ ಬಾಕಿ. ಮಗನ ಮುಖ ಬಾಡಿತ್ತು. ನಾನು ಇದ್ದಬದ್ದ ಉಸಿರೆಲ್ಲ ಸೇರಿಸಿ "ಎಡಕ್ಕೆ!" ಎಂದು ಅರಚಿದೆ.

ಪಕ್ಕದಲ್ಲೇ ಹೆಂಡತಿ ಗುಡುಗಿದಳು. "ನಿಮ್ಮಪ್ಪನ ಮಾತ ಕೇಳಬ್ಯಾಡಲೇ! ನಡ ನೋಡು, ನಡ!"

ಮಗ ತಾಯಿಯ ಮಾತು ಕೇಳಿದ. ಎಡಕ್ಕೆ ಒಂದು ಹೆಜ್ಜೆ ಕೂಡ ಇಡದೆ ಬಲಕ್ಕೆ ಹಾರಿದ. ದೊಪ್ಪೆಂದು ಸದ್ದಾಯಿತು. ಮೂರು ವರ್ಷದ ಹಠ ತೀರಿ, ಕ್ವಾರ್ಟರ್‌ಬ್ಯಾಕ್ ಕೆಸರಿನಲ್ಲಿ ಮಲಗಿದ್ದ. ಮಗ ಅವನ ಮೇಲಿದ್ದ.

ಕೆಳಗಿದ್ದವನು ಹೆಲ್ಮೆಟ್ ತೆಗೆದು, ನನ್ನ ಕಡೆ ತಿರುಗಿ, ಅಳುವ ದನಿಯಲ್ಲಿ ಸ್ಪಷ್ಟವಾಗಿ ಹೇಳಿದ. "ಎಡಕ್ಕೆ ಅಂದ್ರಲ್ಲ, ಮೇಷ್ಟ್ರೇ!"

ನೋಡಿದರೆ ನನ್ನದೇ ಶಿಷ್ಯ! ಮಗ ತರಗತಿ ಬಿಟ್ಟ ಮೇಲೆ ಸೇರಿ, ಹಿಂದಿನ ಬೆಂಚಿನಲ್ಲಿ ಕೂತು, ಒಂದು ದಿನವೂ ಬಾಯಿ ಬಿಡದವನು. ಈ ಹುಡುಗನಿಗೆ ಕನ್ನಡ ಹತ್ತುವುದಿಲ್ಲ ಎಂದು ಅವರಮ್ಮನಿಗೆ ನಾನೇ ಹೇಳಿ ಕಳಿಸಿದ್ದೆ. ಈಗ ನಾನು ಕೂಗಿದ್ದೆಲ್ಲ ಅವನಿಗೆ ತಿಳಿದಿತ್ತು, ತಿಳಿಯದ್ದು ಹುಬ್ಬಳ್ಳಿಯ ನಡ ಒಂದೇ. ಮೈದಾನದ ಅಂಚಿನ ಹಗ್ಗ ದಾಟಿ ಓಡಿದವನೇ ಕೆಸರಿನಲ್ಲೇ ಮಂಡಿಯೂರಿ ಅವನನ್ನು ತಬ್ಬಿಕೊಂಡೆ. ಕಣ್ಣಲ್ಲಿ ನೀರು ಬಂತು. "ಎಲ್ಲಿ, ಇನ್ನೊಂದು ಸಲ ಹೇಳಪ್ಪ!"

ನನ್ನ ಮಗ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಅವನಿಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಇಂಗ್ಲಿಷೇ ಮರೆತುಹೋಗಿತ್ತು. "ಅಪ್ಪಾ! ಅವನನ್ನ ಕೆಡವಿದ್ದು ನಾನು! ನಿಮ್ಮ ಮಗನೂ ನಾನೇ!"

ಒಂದೇ ನಿಮಿಷದಲ್ಲಿ ಇಬ್ಬರು ಹುಡುಗರು, ಮೂರು ವಾಕ್ಯ! ನಾನು ಹೆಂಡತಿಯ ಕಡೆ ನೋಡಿದೆ. ಅವಳು ನಿಧಾನವಾಗಿ ಕೊಡೆ ಮಡಚುತ್ತ ಅಂದಳು. "ಆರು ವರ್ಷ ಅಕ್ಷರ ತಿದ್ದಿಸೋ ಬದಲಿ, ಮದಲ ದಿನಾನ ಎಲ್ಲಾರ್ನೂ ಒಮ್ಮೆ ಕೆಡವಿದ್ರ ಮುಗೀತಿತ್ತಲ್ರೀ!"