ತಂಗಿಯ ಕಿವಿಗೆ ಬಂದ ಕೊಕ್ಕರೆ

ಫೋಟೋ ಎಂದರೆ ಸಾಕ್ಷಿ. ಸಾಕ್ಷಿಯನ್ನು ತಿದ್ದುವುದು ಅಪರಾಧ! ಗದಗಿನಲ್ಲಿ ನಡೆದ ಚರ್ಚಾಸ್ಪರ್ಧೆಯಲ್ಲಿ ಹೀಗೆ ಗುಡುಗಿ ಬಹುಮಾನ ಹೊಡೆದವನು ನಾನು. ಆದ್ದರಿಂದ ತಂಗಿ ಶಾಂತಾಳ ಫೋಟೋಕ್ಕೆ ಅವ್ವ ಸ್ಟುಡಿಯೋ ಹೆಸರೆತ್ತಿದಾಗ ತೀವ್ರವಾಗಿ ಖಂಡಿಸಿದೆ.

“ಅವರು ಮಾರಿ ತಿದ್ದತಾರವ್ವಾ. ಸುಳ್ಳು ಸಾಕ್ಷಿ ಕೊಟ್ಟಂಗ ಆಗತೈತಿ. ನಾನ ತೆಗಿತೀನಿ.”

“ನಾಡು ಇನ್ನೂ ಒಂದಾಗಿಲ್ಲೋ ತಮ್ಮಾ. ನಾವು ಮುಂಬಯಿ ರಾಜ್ಯದಾಗ, ದಾವಣಗೆರಿ ಬೀಗರು ಮೈಸೂರು ರಾಜ್ಯದಾಗ. ಫೋಟೋ ಪಸಂದ ಬಂದ್ರಷ್ಟ ಹುಡುಗಿ ನೋಡಾಕ ಬರ್ತಾರಂತ. ಅದು ಕೆಟ್ರ ಸಂಬಂಧನೂ ಕೆಡತೈತಿ, ನೋಡು!”

ಗೆಳೆಯ ಗುರುನಾಥನ ಡಬ್ಬಿ ಕ್ಯಾಮರಾ ಆಗಲೇ ನನ್ನ ಬಳಿ ಇತ್ತು. ಹತ್ತಿರದ ಮಾಗಡಿ ಕೆರೆಯ ಕೊಕ್ಕರೆಗಳಿಗಾಗಿ ತಂದಿದ್ದೆ. ಕೊಡುವಾಗ ಅವನು ಕ್ಯಾಮರಾದಿಂದ ನೆಗೆಟಿವ್‌ವರೆಗಿನ ನಿಯಮಗಳನ್ನು ಹೇಳತೊಡಗಿದ. ಒಂದೊಂದಕ್ಕೂ ನಾನು “ಪುರಾವೆ ಏನು?” ಎಂದು ಸವಾಲು ಹಾಕಿದೆ. ಕೊನೆಗೆ ಕೈಮುಗಿದು ಕ್ಯಾಮರಾ ನನ್ನ ಕೈಗಿಟ್ಟ. ಗೆದ್ದೆ!

ದಂಡೆಯಿಂದ ನೋಡಿದರೆ ಕೊಕ್ಕರೆ ಹೇನಿನಷ್ಟು ಕಾಣುತ್ತಿತ್ತು. ಕೆಸರಿಗಿಳಿದೆ. ಅದು ಒಂಟಿಗಾಲಲ್ಲಿ ಆರಾಮಾಗಿ ನಿಂತಿತ್ತು; ನನಗೆ ಎರಡೂ ಕಾಲು ಕೀಳಲಾಗಲಿಲ್ಲ. ಇಂಥ ಪ್ರತಿಪಕ್ಷವನ್ನು ಕಂಡೇ ಇರದಂತೆ ಅದು ಕತ್ತು ತಿರುಗಿಸಿತು. ಕ್ಯಾಮರಾದ ಗುಂಡಿ ಒತ್ತಿದೆ. ಮನೆಗೆ ಬಂದು ಹಿತ್ತಲಲ್ಲಿ ಶಾಂತಾಳನ್ನು ಕೂರಿಸಿ ಮತ್ತೆ ಒತ್ತಿದೆ.

ಮರುದಿನ ಗುರುನಾಥನ ಕತ್ತಲೆ ಕೋಣೆ. ಕೆಂಪು ದೀಪ. ತಟ್ಟೆಯ ದ್ರಾವಣದಲ್ಲಿ ಮೊದಲು ಶಾಂತಾಳ ಕಣ್ಣು ಮೂಡಿದವು. ಉಸಿರು ಬಿಟ್ಟೆ. ಆಮೇಲೆ ಅವಳ ಕಿವಿಯ ಬಳಿ ಒಂದು ಕೊಕ್ಕು ಮೂಡಿತು. ಉಸಿರು ವಾಪಸು ಎಳೆದುಕೊಂಡೆ!

“ಒಂದು ಫೋಟೋ ತೆಗೆದ ಮ್ಯಾಲ ಫಿಲ್ಮ್ ಕೀಲಿ ತಿರುವಿದ್ದಿಲ್ಲೇನಲೇ? ಎರಡೂ ಒಂದರ ಮ್ಯಾಲ ಒಂದು ಕುಂತಾವು!” ಎಂದ ಗುರುನಾಥ.

ಹೊರಗೆ ದಾವಣಗೆರೆಗೆ ಹೊರಟ ಸೋದರಮಾವ ಚೀಲ ಹಿಡಿದು ಕೂಗುತ್ತಿದ್ದರು: “ಜಲ್ದಿ ಕೊಡೋ, ಗಾಡಿ ತಪ್ಪತೈತಿ!” ಅವರನ್ನು ಸಮಾಧಾನಪಡಿಸಲು ಗುರುನಾಥ ಹೊರಗೋಡಿದ.

ಸಾಕ್ಷಿ ತಿದ್ದುವುದು ಅಪರಾಧ, ನಿಜ. ಆದರೆ ತಂಗಿಯ ಬಾಳು? ಕುಂಚ ಹಿಡಿದು ನೆಗೆಟಿವ್ ಮೇಲಿನ ಕೊಕ್ಕರೆಗೆಲ್ಲ ಕಪ್ಪು ಶಾಯಿ ಬಳಿದು ಮುಚ್ಚಿದೆ. ಮತ್ತೆ ಅಚ್ಚು ಹಾಕಿದೆ. ಕೊಕ್ಕರೆ ಈಗ ಮಡಿಧೋತರ ಉಟ್ಟಷ್ಟು ಬೆಳ್ಳಗೆ, ಮೊದಲಿಗಿಂತ ಠೀವಿಯಿಂದ ನಿಂತಿತ್ತು!

ಒಳಗೆ ಬಂದ ಗುರುನಾಥ ಹಣೆ ಬಡಿದುಕೊಂಡ. “ನೆಗೆಟಿವ್‌ದಾಗ ಕರಿ ಹಚ್ಚಿದ್ರ ಕಾಗದದಾಗ ಬಿಳಿ ಬರತೈತಿ ಅಂತ ಹೇಳಿರಲಿಲ್ಲೇನಲೇ? ಪುರಾವಿ ಕೇಳಿದ್ದಿ. ತಗೋ, ಪುರಾವಿ!”

ಅಷ್ಟರಲ್ಲಿ ಮಾವ ನುಗ್ಗಿ, ಹಸಿ ಫೋಟೋವನ್ನು ನೋಡದೆಯೇ ಕರವಸ್ತ್ರದಲ್ಲಿ ಸುತ್ತಿಕೊಂಡು ಓಡಿಯೇಬಿಟ್ಟರು.

ಮನೆಯಲ್ಲಿ ನಡೆದದ್ದನ್ನೆಲ್ಲ ಒಪ್ಪಿಕೊಂಡು, ಮಾವ ಮರಳುವ ತನಕ ಬಾಗಿಲಲ್ಲೇ ಕಾದೆ. ಶಾಂತಾ ಮಾತು ಬಿಟ್ಟಿದ್ದಳು. ಅವ್ವ ಬಿಟ್ಟಿರಲಿಲ್ಲ, ಅದು ಇನ್ನೂ ಕಷ್ಟ.

ಮಾವ ಬಂದವರೇ ಜಗಲಿಯ ಮೇಲೆ ಕುಳಿತರು. “ನೋಡಾಕ ಬರ್ತಾರವ್ವಾ. ಹುಡುಗ ಒಪ್ಪ್ಯಾನ. ಅಷ್ಟ ದೊಡ್ಡ ಹಕ್ಕಿ ಕಿವಿಗೆ ಬಂದ್ರೂ ಮಾರಿ ಅಲ್ಲಾಡಿಲ್ಲ, ಬಾಳ ಧೈರ್ಯದಾಕಿ ಅಂದಾನ!”

ಮದುವೆಗೆ ಶಾಂತಾ ಹಾಕಿದ್ದು ಒಂದೇ ಷರತ್ತು: ಅಣ್ಣ ಕ್ಯಾಮರಾ ಮುಟ್ಟಬಾರದು. ಸ್ಟುಡಿಯೋದವನೇ ಬಂದ. ನನ್ನನ್ನು ದೂರ ನಿಲ್ಲಿಸಿದರೂ ಮದುವೆಯ ಫೋಟೋದ ಅಂಚಿನಲ್ಲಿ ನನ್ನದೊಂದು ಕಾಲು ಬಂದುಬಿಟ್ಟಿತ್ತು. ಅವನು ಗುರುತೇ ಸಿಗದಂತೆ ತಿದ್ದಿ ತೆಗೆದ.

ನಾನು ಖಂಡಿಸಲಿಲ್ಲ.