ಮೂರನೇ ಮಹಡಿಯ ನೀರು ನೆಲಮಹಡಿಯ ಸಿಂಕಿನಲ್ಲಿ ಉಕ್ಕಿದ ಬಗ್ಗೆ ಲಿಖಿತ ವಿವರಣೆ

ನಮ್ಮ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಗಳೂ, ಮೂರನೇ ಮಹಡಿಯಲ್ಲಿ ವಾಸವಾಗಿದ್ದರೂ ಕೆಳಗಿನವರನ್ನು ಒಂದು ದಿನವೂ ನೆನೆಯದೆ ಬಿಡದವರೂ ಆದ ಮಹನೀಯರಿಗೆ, ನೆಲಮಹಡಿಯ ಎಡಗಡೆ ಮನೆಯಿಂದ, ಇದೀಗ ತಾನೇ ಒರೆಸಿದ ಕೈಗಳನ್ನು ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಐದು ಬಿಳಿ ಅಂಗಿಗಳು ಗುಲಾಬಿ ಬಣ್ಣಕ್ಕೆ ತಿರುಗಿದ ವಿಷಯದಲ್ಲಿ ನೆಲಮಹಡಿಯವರು ಏಳು ದಿನಗಳೊಳಗೆ ಲಿಖಿತ ವಿವರಣೆ ನೀಡತಕ್ಕದ್ದು ಎಂದು ತಾವು ಮೆಟ್ಟಿಲ ಬಳಿಯ ಫಲಕಕ್ಕೆ ನಾಲ್ಕು ಪಿನ್ನು ಚುಚ್ಚಿ ಹಾಕಿದ ನೋಟೀಸನ್ನು ನಾನೂ ನನ್ನ ಅಕ್ಕನೂ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆವು. ಇಪ್ಪತ್ತಾರು ವರ್ಷ ಶಾಲೆಯ ಕಚೇರಿಯಲ್ಲಿ ಗುಮಾಸ್ತಳಾಗಿ ವಿವರಣೆ ಬರೆದೇ ಕೈ ಪಳಗಿದ ನನಗೆ ಇದು ಕಷ್ಟದ ಕೆಲಸವಲ್ಲ. ತಾವು ಎಲ್ಲರೂ ಓದುವಂತೆ ಕೇಳಿದ್ದರಿಂದ ಎಲ್ಲರೂ ಓದುವಂತೆಯೇ ಉತ್ತರಿಸುವುದು ಸಭ್ಯತೆ ಎನಿಸಿ, ಈ ಪತ್ರವನ್ನು ಅದೇ ಫಲಕಕ್ಕೆ, ತಮ್ಮ ಪಿನ್ನುಗಳನ್ನು ಮುಟ್ಟದೆ, ನನ್ನದೇ ಪಿನ್ನುಗಳಿಂದ ಚುಚ್ಚುತ್ತಿದ್ದೇನೆ.

ಮೊದಲಿಗೆ ಅಕ್ಕನ ವಿಷಯ. ಅವಳು ಹತ್ತೊಂಬತ್ತು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನಕ್ಕೆ ಇನ್ನೂರು ಜನರಿಗೆ ಅಡುಗೆ ಮಾಡಿದವಳು. ಕಾರ್ಖಾನೆ ಬೇರೆ ಊರಿಗೆ ಎದ್ದುಹೋದಾಗ ಕ್ಯಾಂಟೀನೂ ಮುಚ್ಚಿತು, ಅಕ್ಕನಿಗೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ತೋಚದಾಯಿತು. ಮೂರು ತಿಂಗಳು ಕಿಟಕಿಯ ಪಕ್ಕ ಕುಳಿತಿದ್ದವಳು ಒಂದು ದಿನ ತಟ್ಟನೆ ಎದ್ದು, ಕಚೇರಿಗೆ ಹೋಗುವವರಿಗೆ ಮನೆಯಿಂದಲೇ ಊಟದ ಡಬ್ಬಿ ಕಳಿಸುತ್ತೇನೆಂದು ಹೇಳಿ, ಪರವಾನಗಿಗೆ ಅರ್ಜಿ ಹಾಕಿ, ಅಡುಗೆಮನೆಯ ಗೋಡೆಯನ್ನು ಕೈ ಎಟುಕುವವರೆಗೂ ಉಜ್ಜಿದಳು. ಎಟುಕದ ಭಾಗವನ್ನು ನನ್ನಿಂದ ಉಜ್ಜಿಸಿದಳು.

ಪರಿಶೀಲನೆಗೆ ಆಹಾರ ಇಲಾಖೆಯ ಇನ್‌ಸ್ಪೆಕ್ಟರ್ ಮೇಡಂ ಒಂದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಬಂದರು. ಕಪಾಟಿನ ಮೇಲೆ ಬೆರಳಾಡಿಸಿ ನೋಡಿದರು, ಬೆರಳಿಗೆ ಏನೂ ಅಂಟಲಿಲ್ಲ. ಡಬ್ಬಗಳ ಮುಚ್ಚಳ ತೆಗೆದು ಮೂಸಿದರು, ತಲೆದೂಗಿದರು. ಸಹಿ ಹಾಕಲು ಪೆನ್ನಿನ ಟೊಪ್ಪಿ ತೆಗೆದ ಹೊತ್ತಿಗೆ ಸರಿಯಾಗಿ ನಮ್ಮ ಸಿಂಕು ಗಂಟಲು ಸರಿಪಡಿಸಿಕೊಂಡಿತು. ನೋಡನೋಡುತ್ತಿದ್ದಂತೆ ಬೂದು ಬಣ್ಣದ ನೊರೆ ಮೇಲೇರಿ, ಅಂಚು ದಾಟಿ, ಅಕ್ಕ ಒರೆಸಿ ಒರೆಸಿ ಹೊಳೆಯುವಂತೆ ಮಾಡಿದ ನೆಲಕ್ಕೆ ಇಳಿಯಿತು. ಅದರ ಜೊತೆಗೆ ನಾವು ಆ ವಾರ ಬೇಯಿಸಿಯೇ ಇರದ ನಾಲ್ಕು ಬಟಾಣಿ ಕಾಳುಗಳೂ ಒಂದು ಬಿಳಿ ಅಂಗಿ ಗುಂಡಿಯೂ ಬಂದವು.

"ಏನ್ರೀ ಇದು, ನಿಮ್ಮ ಸಿಂಕು ಕಕ್ತಾ ಇದೆಯಲ್ಲ!" ಎಂದರು ಮೇಡಂ.

"ಅದು ನಮ್ಮದಲ್ಲ ಮೇಡಂ," ಎಂದಳು ಅಕ್ಕ.

"ನಿಮ್ಮದಲ್ಲ ಅಂದ್ರೆ? ಬಟಾಣಿ ನಡ್ಕೊಂಡು ಬಂತಾ?"

"ನಡ್ಕೊಂಡಲ್ಲ ಮೇಡಂ, ಇಳ್ಕೊಂಡು ಬಂತು."

ಮೇಡಂ ನಗಲಿಲ್ಲ. 'ಸಿಂಕಿನಿಂದ ಕೊಳಚೆ ನೀರು ಉಕ್ಕುತ್ತದೆ' ಎಂದು ಬರೆದು, ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಬರುತ್ತೇನೆ, ಆಗಲೂ ಹೀಗೇ ಇದ್ದರೆ ಅರ್ಜಿ ವಜಾ ಎಂದು ಹೇಳಿ ನೊರೆಯನ್ನು ತುಳಿಯದೆ ಸುತ್ತುಬಳಸಿ ಹೊರಟುಹೋದರು. ಅಕ್ಕ ನೆಲ ಒರೆಸುತ್ತಾ ಒರೆಸುತ್ತಾ ಅಲ್ಲೇ ಕೂತುಬಿಟ್ಟಳು. "ನನ್ನ ಅಡುಗೆ ತಿಂದವರು ಒಬ್ಬರೂ ತಟ್ಟೆ ದೂಡಿರಲಿಲ್ಲ ಕಣೇ. ಕಡೆಗೆ ಸಿಂಕು ದೂಡ್ತು ನೋಡು," ಎಂದಳು. ಹತ್ತೊಂಬತ್ತು ವರ್ಷದ ಕೆಲಸ ಹೋದಾಗಲೂ ಅವಳ ದನಿ ಅಷ್ಟು ಸಣ್ಣದಾಗಿರಲಿಲ್ಲ.

ಮಾರನೆಯ ದಿನ ಪ್ಲಂಬರನ್ನು ಕರೆಸಿದೆವು. ಹಿಂಜೇಬಿನಲ್ಲಿ ಸದಾ ನಟ್ಟು ತಿರುಗಿಸುವ ಒಂದು ಪಾನಾ ಇಟ್ಟುಕೊಂಡಿರುವುದರಿಂದ ಇಡೀ ಬೀದಿಗೆ ಪಾನಾ ಅಣ್ಣ ಎಂದೇ ಪರಿಚಿತರಾದ ಅವರು ಸಿಂಕಿನ ಕೆಳಗೆ ಅರ್ಧ ಮೈ ತೂರಿಸಿ, ಅಲ್ಲಿಂದಲೇ ತೀರ್ಪು ಕೊಟ್ಟರು. "ಅಕ್ಕಾ, ಮೂರೂ ಮಹಡಿ ಅಡುಗೆಮನೆಗೆ ಇರೋದು ಇದೊಂದೇ ಪೈಪು. ಕೈಯಲ್ಲಿ ಪಾತ್ರೆ ತೊಳೆದ ನೀರು ಮೆಲ್ಲಗೆ ಇಳಿಯೋಕೆ ಮಾಡಿದ್ದು. ಮೇಲ್ಗಡೆ ಯಾರೋ ಮೆಷಿನ್ನು ಸೇರಿಸಿದ್ದಾರೆ. ಮೆಷಿನ್ನು ನೀರು ಬಿಡಲ್ಲ, ಒದೆಯುತ್ತೆ. ಕೆಳಗೆ ದಾರಿ ಸಿಗದ ನೀರು ಮೊದಲು ಸಿಕ್ಕಿದ ಬಾಯಲ್ಲಿ ಹೊರಗೆ ಬರುತ್ತೆ. ಮೊದಲ ಬಾಯಿ ನಿಮ್ಮದು."

ಆ ಸಂಜೆ ನಾನು ಬಟಾಣಿಯನ್ನೂ ಗುಂಡಿಯನ್ನೂ ಕಾಗದದಲ್ಲಿ ಪೊಟ್ಟಣ ಕಟ್ಟಿಕೊಂಡು ತಮ್ಮಲ್ಲಿಗೆ ಬಂದದ್ದು ತಮಗೆ ನೆನಪಿರಬಹುದು. ತಾವು ಕುರ್ಚಿಯಿಂದ ಏಳುವ ಶ್ರಮ ತೆಗೆದುಕೊಳ್ಳದೆ, ಗುಂಡಿಗಳು ಲೋಕದಲ್ಲೆಲ್ಲ ಒಂದೇ ಥರ ಇರುತ್ತವೆ ಎಂಬ ತಿಳಿವಳಿಕೆಯನ್ನು ನನಗೆ ನೀಡಿದಿರಿ. "ನಮ್ಮ ಮೆಷಿನ್ ನೀರೆಲ್ಲ ಬಾತ್‌ರೂಮ್ ಪೈಪಿಗೆ ಹೋಗುತ್ತೆ. ನಿಮ್ಮಕ್ಕ ಕ್ಯಾಂಟೀನಿನವರು, ಜಿಡ್ಡು ಬಿಟ್ಟು ಪೈಪು ಕಟ್ಟಿಕೊಳ್ಳೋ ಹಾಗೆ ಮಾಡಿದ್ದಾರೆ," ಎಂದಿರಿ. ಅಡುಗೆಮನೆ ತೋರಿಸಿ ಎಂದದ್ದಕ್ಕೆ ಅದು ಮನೆಯ ಖಾಸಗಿ ಸ್ಥಳ ಎಂದಿರಿ. ಅಲ್ಲಿಂದ ಹೊರಬೀಳುವುದೆಲ್ಲ ನಮ್ಮ ಖಾಸಗಿ ಸ್ಥಳಕ್ಕೇ ಬರುತ್ತಿರುವಾಗ ನಮ್ಮಿಬ್ಬರ ಮನೆಗಳ ನಡುವೆ ಇನ್ನೇನು ಮುಚ್ಚುಮರೆ ಎಂದು ನನಗೆ ಅನಿಸಿದ್ದು ನಿಜ. ಮರುದಿನವೇ ಫಲಕದಲ್ಲಿ 'ನೆಲಮಹಡಿಯವರು ಜಿಡ್ಡಿನ ಪದಾರ್ಥ ಕಡಿಮೆ ಮಾಡತಕ್ಕದ್ದು' ಎಂಬ ತಮ್ಮ ಸುಂದರ ಕೈಬರಹ ಕಾಣಿಸಿತು.

ನಾನು ಬಂದಾಗ ತಮ್ಮ ಮನೆಯವರು, ಅಂದರೆ ತಮ್ಮ ಶ್ರೀಮತಿಯವರು, ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದರು. ಅವರು ಎರಡು ದಿನ ಬಿಟ್ಟು ನಮ್ಮಲ್ಲಿಗೆ ಇಳಿದು ಬಂದರು. ಈ ಕಟ್ಟಡದಲ್ಲಿ ಒಂಬತ್ತು ವರ್ಷದಿಂದ ಇದ್ದರೂ ಅವರು ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. ಕೂರಲೂ ಇಲ್ಲ, ನಿಂತೇ ಹೇಳಿದರು: "ಬಟ್ಟೆ ಮೆಷಿನ್ನು, ಪಾತ್ರೆ ಮೆಷಿನ್ನು, ನೀರಿನ ಫಿಲ್ಟರು, ಮೂರರ ಪೈಪನ್ನೂ ನಮ್ಮ ಸಿಂಕಿನ ಕೆಳಗೆ ಒಂದೇ ತೂತಿಗೆ ತುರುಕಿ ಚಿಂದಿ ಬಟ್ಟೆ ಸುತ್ತಿದ್ದಾರೆ. ನಾನು ಹೇಳಿದ್ರೆ, ನಿನಗೇನು ಗೊತ್ತು ಸುಮ್ನಿರು ಅಂತಾರೆ. ಸುಮ್ನೆ ಇದ್ದೂ ಇದ್ದೂ ಸಾಕಾಗಿದೆ." ಆಮೇಲೆ ಅವರ ಕಣ್ಣು ಅಕ್ಕನ ಕಪಾಟಿನಲ್ಲಿದ್ದ, ಕೇಕಿಗೆ ಹಾಕುವ ಕೆಂಪು ಬಣ್ಣದ ಪುಟ್ಟ ಬಾಟಲಿಯ ಮೇಲೆ ನಿಂತಿತು. "ಇದನ್ನ ನಾನು ತಗೊಂಡು ಹೋಗ್ಲಾ?" ಎಂದು ಕೇಳಿದರು. ಅಕ್ಕ ತೆಗೆದು ಕೊಟ್ಟಳು. ಅಂಗಿಗಳ ವಿಷಯದಲ್ಲಿ ನೆಲಮಹಡಿಯ ಪಾತ್ರ ಇಲ್ಲಿಗೆ ಮುಗಿಯಿತು.

ಉಳಿದದ್ದಕ್ಕೆ ತಾವೇ ಸಾಕ್ಷಿ. ಎರಡನೆಯ ಪರಿಶೀಲನೆಗೆ ಸಂಘದ ಪರವಾಗಿ ತಾವೂ ಇರಬೇಕೆಂದು ನಾನು ಬರೆದು ಕೋರಿದಾಗ, ಜಿಡ್ಡಿನ ಬಗ್ಗೆ ನಾಲ್ಕು ಮಾತು ಹೇಳುವ ಉತ್ಸಾಹದಲ್ಲಿ ತಾವು ಹತ್ತು ನಿಮಿಷ ಮೊದಲೇ ಬಂದಿರಿ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಿದ್ದಳು. ತಮ್ಮ ಮಾತು ಇನ್ನೂ ಮೂರನೆಯದಕ್ಕೆ ಬಂದಿತ್ತಷ್ಟೆ, ಸಿಂಕು ಗುಳುಗುಳು ಎಂದಿತು. ಈ ಸಲ ಬಂದ ನೊರೆ ಗುಲಾಬಿ ಹೂವಿನಷ್ಟು ಚೆಂದವಾಗಿತ್ತು.

"ನೋಡಿ ಮೇಡಂ, ಬೀಟ್‌ರೂಟ್ ಬೇಯಿಸಿದ್ದಾರೆ!" ಎಂದಿರಿ ತಾವು.

ಅಷ್ಟರಲ್ಲಿ ಮೂರನೇ ಮಹಡಿಯ ಅಡುಗೆಮನೆಯ ಕಿಟಕಿಯಿಂದ ತಮ್ಮ ಮನೆಯವರ ದನಿ ಸ್ಪಷ್ಟವಾಗಿ ಇಳಿದು ಬಂತು: "ಏನ್ರೀ, ನಿಮ್ಮ ಅಂಗಿ ಒಗೆದ ನೀರು ಅಲ್ಲಿಗೆ ಬಂತಾ?"

ಇನ್‌ಸ್ಪೆಕ್ಟರ್ ಮೇಡಂ ಆಗ ನಕ್ಕರು. ನಗುತ್ತಲೇ ಮೂರು ಮಹಡಿ ಹತ್ತಿದರು, ಹಿಂದೆಯೇ ಅಂದು ನಾವು ಕರೆಸಿಟ್ಟಿದ್ದ ಪಾನಾ ಅಣ್ಣ, ಅವರ ಹಿಂದೆ ತಾವು, ತಮ್ಮ ಹಿಂದೆ ನಾವು. ಬಣ್ಣದ ನೀರಿಗೆ ಅಂಗಿಗಳನ್ನು ಯಾಕೆ ಹಾಕಿದೆ ಎಂದು ತಾವು ಕೇಳಿದ್ದಕ್ಕೆ ತಮ್ಮ ಮನೆಯವರು, "ಮೆಷಿನ್ನು ಖಾಲಿ ಓಡಿಸಬೇಡ ಅಂತ ನೀವೇ ಹೇಳಿದ್ರಲ್ಲ," ಎಂದರು. ಅಂಗಿಗಳ ಬಣ್ಣಕ್ಕೆ ಇದಕ್ಕಿಂತ ಪೂರ್ಣವಾದ ವಿವರಣೆ ನನ್ನ ಬಳಿ ಇಲ್ಲ.

ಆ ಮಧ್ಯಾಹ್ನವೇ ಮೂರೂ ಪೈಪುಗಳು ಬಚ್ಚಲ ಕಡೆಗೆ ತಿರುಗಿದವು. ಕೆಳಗಿನ ಪೈಪಿನಿಂದ ಪಾನಾ ಅಣ್ಣ ತೋಳುದ್ದದ ಬಟ್ಟೆಜುಂಗಿನ ಹಗ್ಗವೊಂದನ್ನು ಎಳೆದರು. ಅದರ ಹಿಂದೆ ಒಂದು ಮುಷ್ಟಿ ಜಿಡ್ಡೂ ಬಂತು, ಅದು ನಮ್ಮದೇ ಎಂದು ಅಕ್ಕ ಒಪ್ಪಿಕೊಂಡಿದ್ದಾಳೆ. ಅಂದಿನಿಂದ ಬಾಣಲೆಯನ್ನು ಕಾಗದದಲ್ಲಿ ಒರೆಸಿಯೇ ತೊಳೆಯುತ್ತಾಳೆ. ಪರವಾನಗಿ ಬಂತು. ಮೊದಲ ದಿನ ಹನ್ನೊಂದು ಡಬ್ಬಿ ಹೋದವು, ಹನ್ನೊಂದೂ ಖಾಲಿಯಾಗಿ ಬಂದವು. ಅಕ್ಕ ಪ್ರತಿ ಡಬ್ಬಿಯನ್ನೂ ತೆರೆದು, ತಳ ನೋಡಿ, ಮುಚ್ಚಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಈರುಳ್ಳಿ ಹೆಚ್ಚಿದ್ದಕ್ಕೆ ಎಂದಳು. ಅಂದು ಈರುಳ್ಳಿ ಹೆಚ್ಚಿದ್ದು ನಾನು.

ಇನ್ನು ನಮ್ಮ ಕೆಲವು ವಿನಮ್ರ ಕೋರಿಕೆಗಳು. ನೀರು ಮೇಲಿನಿಂದ ಕೆಳಗೆ ಹರಿಯುವ ಪದ್ಧತಿಯನ್ನು ಮುಂದಿನ ಸಭೆಯಲ್ಲಿ ಬಹುಮತದಿಂದ ರದ್ದುಗೊಳಿಸುವುದು. ಅದು ಆಗದಿದ್ದರೆ, ಮೂರು ಮಹಡಿಗಳ ಅಹವಾಲನ್ನೂ ಬಾಯಿಬಿಟ್ಟು ಸಭೆಯ ಮುಂದಿಟ್ಟ ನಮ್ಮ ಸಿಂಕನ್ನು ಸಂಘದ ಜಂಟಿ ಕಾರ್ಯದರ್ಶಿಯಾಗಿ ನೇಮಿಸುವುದು. ಅದೂ ಆಗದಿದ್ದರೆ, ಮನೆಯೊಳಗಿನವರು ಏನಾದರೂ ಹೇಳಿದಾಗ ಮೊದಲ ಸಲಕ್ಕೇ ಕೇಳಿಸಿಕೊಳ್ಳುವುದು. ಈ ಮೂರರಲ್ಲಿ ಕೊನೆಯದೇ ತಮಗೆ ಎಲ್ಲಕ್ಕಿಂತ ಕಷ್ಟವೆಂಬುದನ್ನು ಬಲ್ಲೆ, ಆದ್ದರಿಂದ ಏಳು ದಿನಗಳ ಗಡುವು ವಿಧಿಸುವುದಿಲ್ಲ.

ತಮ್ಮ ಪೈಪಿನ ಕೆಳತುದಿಯಲ್ಲಿ ವಾಸವಾಗಿರುವ,
ತಮ್ಮ ವಿಶ್ವಾಸಿ,
ನೆಲಮಹಡಿಯ ಗುಮಾಸ್ತೆ

ಮರೆತ ಮಾತು: ನಾಳೆಯಿಂದ ಮೂರನೇ ಮಹಡಿಗೂ ಒಂದು ಡಬ್ಬಿ ಬೇಕೆಂದು, ಹೆಸರು ಹೇಳದೆ, ಫೋನಿನಲ್ಲಿ ದನಿ ಬದಲಿಸಿ ಕೇಳಿದ ಮಹನೀಯರಿಗೆ ಅವಶ್ಯ ಕಳಿಸಲಾಗುವುದು. ಡಬ್ಬಿಯನ್ನು ದಯವಿಟ್ಟು ಕೈಯಲ್ಲೇ ತೊಳೆದು ಹಿಂದಿರುಗಿಸಬೇಕು. ಹೇಗೆಂದು ತಿಳಿಯದಿದ್ದರೆ ತಮ್ಮ ಮನೆಯವರನ್ನು ಕೇಳಬಹುದು. ಆದರೆ ಈಗ ಅಕ್ಕನ ಪಾಲುದಾರರಾಗಿರುವ ಅವರು ಮಧ್ಯಾಹ್ನ ಎರಡರವರೆಗೆ ನಮ್ಮಲ್ಲಿ ಕೆಲಸದಲ್ಲಿರುತ್ತಾರೆ, ಆ ಹೊತ್ತಿನಲ್ಲಿ ಅಡುಗೆಮನೆಗೆ ಹೊರಗಿನವರಿಗೆ ಪ್ರವೇಶವಿಲ್ಲ.