ಮೀನಿನ ಪಕ್ಷದವರೂ ನನ್ನ ಬನ್ಸೂ

ಭಾನುವಾರ ಬೆಳಿಗ್ಗೆ ನನ್ನ ಯಜಮಾನರು ಗಾಳ ಹಿಡಿದು ಕೆರೆಯ ದಂಡೆಯಲ್ಲಿ ಕೂತರೆ ಸಾಕು, ಯಾರಾದರೊಬ್ಬರು ಬಂದು ಅವರಿಗೆ ದಯೆಯ ಪಾಠ ಹೇಳಿಯೇ ಹೇಳುತ್ತಾರೆ. ಮಳೆ ಬಂದರೆ ಕೊಡೆ ಹಿಡಿದುಕೊಂಡು ಬಂದು ಹೇಳುತ್ತಾರೆ. ನನಗೆ ಕೇಳಿ ಕೇಳಿ ಸುಸ್ತಾಗಿದೆ.

ಮೊದಲೇ ಹೇಳಿಬಿಡುತ್ತೇನೆ: ನಾವು ಉಡುಪಿ ಕಡೆಯ ಸಸ್ಯಾಹಾರಿಗಳು. ಯಜಮಾನರು ಠಾಣೆ ನಗರದ ಮಾಜಿವಾಡಾದಲ್ಲಿ ನಮ್ಮ ಹೋಟೆಲಿನ ದುಡ್ಡಿನ ಗಲ್ಲೆಯ ಮೇಲೆ ಕೂತೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಮೀನು ತಿನ್ನುವುದು ಹಾಗಿರಲಿ, ಅದರ ವಾಸನೆ ಬಂದರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾರೆ. ಆದರೆ ಗಾಳ ಹಾಕಿ, ಮೀನು ಎಳೆದು, ಅದರ ಮುಖ ನೋಡಿ, ಮುಳ್ಳು ಬಿಡಿಸಿ ಮತ್ತೆ ನೀರಿಗೆ ಬಿಡುವ ಹುಚ್ಚು ಅವರಿಗೆ ಯಾರೋ ಗಿರಾಕಿಯಿಂದ ಹತ್ತಿಕೊಂಡಿತು.

ಮಂಗಳೂರಿನ ಕಾನ್ವೆಂಟಿನಲ್ಲಿ ಬೆನ್ನು ನೆಟ್ಟಗಿಟ್ಟು ಕೂರಲು ಕಲಿತ ನನಗೆ ಕೆಸರಿನ ಈ ಆಟ ಹಿಡಿಸಿದ್ದಲ್ಲ. ಆದರೂ ನಾನು ಗಾಳದ ಪಕ್ಷವನ್ನೇ ವಹಿಸಿದೆ. ಕಾರಣವಿದೆ. ಹೋಟೆಲನ್ನು ಮೈದುನನಿಗೆ ವಹಿಸಿಕೊಟ್ಟ ಹೊಸತರಲ್ಲಿ ಇವರು ಭಾನುವಾರವಿಡೀ ಮನೆಯಲ್ಲಿದ್ದರು. ಮನೆಯಲ್ಲಿ ಎಂದರೆ ನನ್ನ ಅಡುಗೆಮನೆಯಲ್ಲಿ. ಮುಚ್ಚಳ ಎತ್ತುವುದು, ಸೌಟು ಅದ್ದುವುದು, "ಸಾಂಬಾರಿಗೆ ಬೇಳೆ ಇಷ್ಟು ಯಾಕೆ ಮಾರಾಯ್ತಿ?" ಎನ್ನುವುದು. ಕೆರೆಯಲ್ಲಿ ಗಾಳ ನಿಂತರೆ ಆ ಮನುಷ್ಯ ತಿರುಗಿ ಬರುವುದು ನನ್ನ ಒಲೆಯ ಪಕ್ಕಕ್ಕೇ. ಇದೊಂದು ಭಯದಲ್ಲಿ ನಾನು ವರ್ಷಗಟ್ಟಲೆ ಹತ್ತು ಗಂಟೆಗೆ ಕೆರೆಗೆ ತಿಂಡಿ ಹೊತ್ತೆ, ಮೀನಿನ ಪಕ್ಷದವರ ಮಾತನ್ನೂ ಕೇಳಿದೆ.

ಒಂದೇ ಹೋಟೆಲು

ಮೀನಿನ ಪಕ್ಷಕ್ಕೆ ಒಬ್ಬಳು ನಾಯಕಿ. ಕಾಲೇಜು ಮುಗಿಸಿದ ಹುಡುಗಿ. ಅಪ್ಪ ಅಮ್ಮ ಕುಂದಾಪುರದವರು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಟೀ ಶರ್ಟಿನ ಮೇಲೆ ಅಳುವ ಮೀನಿನ ಚಿತ್ರ. ಹಾಲು ಮೊಸರನ್ನೂ ಮುಟ್ಟದ ವೀಗನ್.

"ಅಂಕಲ್, ಮಛಲೀ ಕೋ ದರ್ದ್ ಹೋತಾ ಹೈ," ಎಂದಳು ಮೊದಲ ದಿನ. ಗುಡ್ ಮಾರ್ನಿಂಗ್ ಇಲ್ಲ, ನಮಸ್ಕಾರವಿಲ್ಲ, ನೇರ ಮೀನಿನ ನೋವಿಗೇ.

ಯಜಮಾನರು ಗಲ್ಲೆಯ ಮೇಲಿನ ಧ್ವನಿ ತೆಗೆದರು. "ನೋಡು ಮಗಾ, ಆ ಬಾಲ ಹರಿದ ಕಟ್ಲಾ ಮೀನು ಉಂಟಲ್ಲ, ಅದು ಪ್ರತಿ ವಾರ ನನ್ನ ಗಾಳಕ್ಕೇ ಬರ್ತದೆ. ನಾನು ಹೋಟೆಲಿನವ. ನಮ್ಮಲ್ಲಿ ನೋವಾದ ಗಿರಾಕಿ ಮತ್ತೆ ಬರ್ತಾನಾ?"

ಹುಡುಗಿ ಕೆರೆಯನ್ನು ಒಂದು ಸುತ್ತು ನೋಡಿದಳು.

"ಅಂಕಲ್, ಇಸ್ ತಾಲಾಬ್ ಮೇ ದೂಸರಾ ಹೋಟೆಲ್ ಹೀ ಕಹಾಂ ಹೈ?"

ಕೆರೆಯಲ್ಲಿ ಬೇರೆ ಹೋಟೆಲು ಎಲ್ಲಿದೆ ಎಂದು ಅವಳು ಕೇಳಿದ್ದೇ ಇವರು ನನ್ನ ತಿಂಡಿಯ ಡಬ್ಬಿಗೆ ಕೈ ಹಾಕಿದರು. ಆ ದಿನ ಉಪ್ಪಿಟ್ಟಿನಲ್ಲಿ ತಪ್ಪು ಹುಡುಕದೆ ತಿಂದರು.

ಹುಳ ಮುಟ್ಟದ ಗಾಳ

ಇನ್ನೊಂದು ಭಾನುವಾರ ಅವಳು ಎರೆಹುಳದ ಪರವಾಗಿ ಬಂದಳು. ಮುಳ್ಳಿಗೆ ಚುಚ್ಚುವ ಹುಳದ ಜೀವ ಜೀವವಲ್ಲವೇ ಎಂದು.

ಯಜಮಾನರಿಗೆ ಅವಮಾನವಾಯಿತು. "ಹುಳವಾ? ನಾನಾ? ನಮ್ಮ ಗಾಳಕ್ಕೆ ಶುದ್ಧ ಮೈದಾ ಹಿಟ್ಟು. ಕಳಿತ ಬಾಳೆಹಣ್ಣು, ಬೆಲ್ಲ, ಒಂದು ಚಿಟಿಕೆ ಇಂಗು. ನೀರಲ್ಲಿ ಬಿಟ್ಟುಕೊಳ್ಳಬಾರದು ಅಂತ ಸ್ವಲ್ಪ ಹತ್ತಿ ಸೇರಿಸಿ ನಾದುವುದು."

ಇಂಗು ಮತ್ತು ಹತ್ತಿಯನ್ನು ಬಿಟ್ಟು ಮೊಸರು, ಜೀರಿಗೆ, ಸೋಡಾ ಹಾಕಿದರೆ ಅದು ಹೆಚ್ಚುಕಡಿಮೆ ನನ್ನ ಮಂಗಳೂರು ಬನ್ಸಿನ ಹಿಟ್ಟೇ. ಈ ಹೋಲಿಕೆ ನನಗೆ ಹಿತವಲ್ಲ. ಎರಡೂ ನಮ್ಮ ಹೋಟೆಲಿನ ಒಂದೇ ನಮೂನೆಯ ಸ್ಟೀಲ್ ಡಬ್ಬಿಗಳಲ್ಲಿ, ಒಂದೇ ಫ್ರಿಜ್ಜಿನಲ್ಲಿ ಇರುತ್ತವೆ ಎಂಬುದು ಇನ್ನೂ ಹಿತವಲ್ಲ.

ಹುಡುಗಿ ಇವರ ಮಾತನ್ನೇ ಹಿಡಿದು ಹೇಳಿದಳು: "ಬೆಲ್ಲ, ಬಾಳೆಹಣ್ಣು... ಆಂಟಿ, ಅಂಕಲ್ ಆಪ್ ಸೇ ಅಚ್ಛಾ ತೋ ಮಛಲೀ ಕೇ ಲಿಯೇ ಪಕಾತೇ ಹೈಂ!"

ಮೀನಿಗೆ ಇವರು ಮಾಡುವ ಅಡುಗೆ ನನ್ನದಕ್ಕಿಂತ ಮೇಲು ಎಂದಾಗ ನನ್ನ ಕೈಯಲ್ಲಿ ಆರಿದ ಅವಲಕ್ಕಿಯ ಡಬ್ಬಿ ಇತ್ತು.

ಹೊಟ್ಟೆ ತುಂಬಿಸುವ ಚಳವಳಿ

ಮಾತಿನಿಂದ ಆಗದ್ದನ್ನು ಮೀನಿನ ಪಕ್ಷದವರು ಕೃತಿಯಿಂದ ಮಾಡಲು ಹೊರಟರು. ಮೀನುಗಳ ಹೊಟ್ಟೆ ಮೊದಲೇ ತುಂಬಿದ್ದರೆ ಗಾಳದ ಕಡೆ ತಿರುಗಿ ನೋಡವು ಎಂಬುದು ಲೆಕ್ಕಾಚಾರ. ಒಂದು ಭಾನುವಾರ ನಾಯಕಿಯೂ ಅವಳ ಗೆಳತಿಯರೂ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು, ಮಂಡಕ್ಕಿ, ಬಿಸ್ಕಿಟು ಎಂದು ಚೀಲಗಟ್ಟಲೆ ನೀರಿಗೆ ಸುರಿದರು.

ಇಡೀ ಕೆರೆಯ ಮೀನು ಆ ಮೆಟ್ಟಿಲ ಬುಡಕ್ಕೆ ಬಂದು ಸೇರಿತು. ಗಾಳದವರು ತಮ್ಮ ಕೈಯಿಂದ ಹಾಕಬೇಕಾದ ತಿನಿಸನ್ನು ಹುಡುಗಿಯರು ಪುಕ್ಕಟೆ ಹಾಕಿದ್ದರು. ಆಚೆ ದಡದಲ್ಲಿ ಗಾಳ ಹಿಡಿದು ಒಣಗುತ್ತಿದ್ದವರೆಲ್ಲ ಕುರ್ಚಿ ಎತ್ತಿಕೊಂಡು ಬಂದು ಹುಡುಗಿಯರ ಪಕ್ಕದಲ್ಲೇ ಸಾಲಾಗಿ ಕೂತರು. ಅಷ್ಟು ಮೀನನ್ನು ಆ ಕೆರೆ ಎಂದೂ ಕೊಟ್ಟಿರಲಿಲ್ಲ.

ಎದ್ದು ಹೊರಟ ನಾಯಕಿಯನ್ನು ಯಜಮಾನರು ಬಹಳ ವಿನಯದಿಂದ ಕೇಳಿದರು: "ಮುಂದಿನ ವಾರ ಎಷ್ಟು ಗಂಟೆಗೆ ಬರ್ತೀರಿ, ಮಗಾ?"

ಬಲೆ ಬೇರೆ, ಗಾಳ ಬೇರೆ

ಹುಡುಗಿ ಕೋಪದಿಂದ ಕೆರೆಯ ಕಮಿಟಿಗೆ ದೂರು ಕೊಟ್ಟಳು. ಗಾಳವನ್ನು ಪೂರ್ತಿ ನಿಲ್ಲಿಸಬೇಕು ಎಂದು. ಸುತ್ತಲಿನ ವಸತಿ ಸೊಸೈಟಿಗಳವರು ಸೇರಿ ಮಾಡಿಕೊಂಡ ಕಮಿಟಿ ಅದು. ಅಧ್ಯಕ್ಷರು ನಮ್ಮ ಊರ ಕಡೆಯವರೇ, ನಿವೃತ್ತ ಅಧಿಕಾರಿ. ದೂರಿಗೆ ಬೆಂಬಲವಾಗಿ ಮೊದಲ ಸಹಿ ಅವರದ್ದೇ. "ನನ್ನಿಂದ ಆ ಹಿಂಸೆ ನೋಡ್ಲಿಕ್ಕೆ ಆಗುವುದಿಲ್ಲ ಅಮ್ಮಾ," ಎಂದರು ನನ್ನೊಡನೆ, ಕಣ್ಣು ಒರೆಸಿಕೊಂಡು.

ಅದೇ ವಾರ ಡೊಂಬಿವಲಿಯಲ್ಲಿ ಒಂದು ಆರತಕ್ಷತೆ. ಸಸ್ಯಾಹಾರದ ಸಾಲು ಹುಡುಕುತ್ತ ಹೋದವಳು ದಾರಿ ತಪ್ಪಿ ಅಧ್ಯಕ್ಷರ ಎದುರು ನಿಂತೆ. ಅವರ ತಟ್ಟೆಯಲ್ಲಿ ಬಂಗುಡೆ ಫ್ರೈ ಒಂದರ ಮೇಲೊಂದು ಮಲಗಿತ್ತು. ನಾನು ಹುಬ್ಬು ಎತ್ತಿದೆ. ನಮ್ಮ ಕಾನ್ವೆಂಟಿನ ಮದರ್ ಹುಬ್ಬು ಎತ್ತಿದರೆ ಇಡೀ ಕ್ಲಾಸು ಎದ್ದು ನಿಲ್ಲುತ್ತಿತ್ತು.

ಅಧ್ಯಕ್ಷರು ಎದ್ದು ನಿಂತರು. ಬಾಯಲ್ಲಿದ್ದದ್ದನ್ನು ನುಂಗಿ, ಸಮಾಧಾನವಾಗಿ ಹೇಳಿದರು:

"ಇದು ಗಾಳದ್ದಲ್ಲಮ್ಮ. ಬಲೆಯದ್ದು."

ಕಮಿಟಿ ನೋಡಿದ್ದು

ಕೊನೆಗೆ ಕಮಿಟಿ ಒಂದು ತೀರ್ಮಾನಕ್ಕೆ ಬಂತು. ಭಾನುವಾರ ತಾವೇ ಬಂದು ಕಣ್ಣಾರೆ ನೋಡುವುದು. ಒಬ್ಬರು ಮಾತ್ರ ಗಾಳ ಹಾಕಬೇಕು. ಮೀನಿಗೆ ಗಾಯವಾಗುತ್ತದೆ ಎಂದು ಕಂಡರೆ ಅಲ್ಲಿಗೆ ಮುಗಿಯಿತು. ಗಾಳದವರೆಲ್ಲ ಸೇರಿ ನಮ್ಮವರನ್ನೇ ಮುಂದೆ ಮಾಡಿದರು.

ಯಜಮಾನರು ಹಿಂದಿನ ದಿನವೇ ಅರ್ಧ ಮನೆವಾಸಿಯಾಗಿದ್ದರು. ಸಂಜೆ ಬಂದು ನನ್ನ ಮಸಾಲೆ ಡಬ್ಬಿ ತೆರೆದು, "ಕೊತ್ತಂಬರಿ ಹುರಿದದ್ದು ಸಾಲದು," ಎಂದರು. ನಾನು ಡಬ್ಬಿ ಕಸಿದು ಮುಚ್ಚಳ ಹಾಕಿದೆ.

ಕಮಿಟಿ ಎಂದಮೇಲೆ ಬರಿಬಾಯಲ್ಲಿ ಕಳಿಸಲಾಗುತ್ತದೆಯೇ? ಹೋಟೆಲಿನವರ ಮನೆ. ನಾನು ಬನ್ಸಿಗೆ ಹಿಟ್ಟು ಕಲಸಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಕೆರೆಗೆ ಹೋಗುವಾಗ ಇವರು ಆ ಡಬ್ಬಿಯನ್ನು ಮೈದುನನ ಹೋಟೆಲಿಗೆ ಕೊಡುವುದು, ಅಲ್ಲಿಯ ಭಟ್ಟರು ದೊಡ್ಡ ಬಾಣಲೆಯಲ್ಲಿ ಕರಿಯುವುದು, ಹತ್ತು ಗಂಟೆಗೆ ನಾನು ಹಾಟ್‌ಬಾಕ್ಸ್ ಎತ್ತಿಕೊಂಡು ರಿಕ್ಷಾದಲ್ಲಿ ಹೋಗುವುದು. ಹಾಗೆಂದು ಮಾತಾಗಿತ್ತು, ಹಾಗೆಯೇ ನಡೆಯಿತು. ಭಟ್ಟರು ಕೊಟ್ಟ ಹಿಟ್ಟನ್ನು ಕರಿಯುವವರೇ ಹೊರತು ಪ್ರಶ್ನೆ ಕೇಳುವವರಲ್ಲ.

ನಾನು ಹೋದಾಗ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕಮಿಟಿ ಸಾಲಾಗಿ ಕೂತಿತ್ತು. ಹುಡುಗಿ ಮೊಬೈಲಿನಲ್ಲಿ ಶೂಟ್ ಮಾಡುತ್ತಿದ್ದಳು. ಒಂದೇ ಒಂದು ಮೀನು ಬಿದ್ದಿರಲಿಲ್ಲ. ಯಜಮಾನರ ಮುಖ ಹಳಸಿದ ಇಡ್ಲಿಯಂತಾಗಿತ್ತು. ಹಾಟ್‌ಬಾಕ್ಸನ್ನು ಅಧ್ಯಕ್ಷರ ಕೈಗೆ ಕೊಟ್ಟು ಇವರ ಹತ್ತಿರ ಹೋದೆ.

"ಡಬ್ಬಿ ಬದಲಾಗಿದೆ ಮಾರಾಯ್ತಿ," ಎಂದು ಹಲ್ಲಿನ ಸಂದಿಯಿಂದ ಹೇಳಿದರು. "ನಾನು ಗಾಳಕ್ಕೆ ಹಾಕ್ತಾ ಇರುವುದು ನಿನ್ನ ಬನ್ಸಿನ ಹಿಟ್ಟು."

"ಹಾಗಾದರೆ ಭಟ್ಟರು ಕರಿದದ್ದು?"

ಇಬ್ಬರೂ ತಿರುಗಿ ನೋಡಿದೆವು. ಅಧ್ಯಕ್ಷರು ಎರಡನೆಯದರಲ್ಲಿದ್ದರು.

"ಆಂಟಿ, ಇಸ್ ಮೇ ದಹೀ ಹೈ ಕ್ಯಾ?" ಎಂದು ಹುಡುಗಿ ಆಸೆಯಿಂದ ಕೇಳಿದಳು. ಮೊಸರಿದ್ದರೆ ಅವಳು ತಿನ್ನುವಂತಿಲ್ಲ.

ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಮೊಸರು ಇಲ್ಲ," ಎಂದೆ. ಅವಳು ಮೂರು ತಿಂದಳು.

ಅಷ್ಟರಲ್ಲಿ ಅಧ್ಯಕ್ಷರು ಹಲ್ಲಿನಿಂದ ಏನನ್ನೋ ಎಳೆದು ಬಿಸಿಲಿಗೆ ಹಿಡಿದರು. "ಇದೆಂತದಮ್ಮ, ನೂಲಿನ ಹಾಗೆ?"

"ಫೈಬರ್," ಎಂದೆ. ಅದೂ ಸುಳ್ಳಲ್ಲ.

"ಒಳ್ಳೇದಾಯ್ತು. ಡಾಕ್ಟರ್ ಫೈಬರ್ ತಿನ್ನಿ ಅಂತಲೇ ಹೇಳಿದ್ದಾರೆ. ಇಂಗಿನ ಘಮ ಬೇರೆ! ಇಂಥ ಬನ್ಸ್ ನಾನು ಊರಲ್ಲೂ ತಿಂದಿಲ್ಲ," ಎಂದು ಹೆಂಡತಿಗೆಂದು ಎರಡನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡರು.

ಬಿಸಿಲು ಏರಿತು. ಮೀನು ಬೀಳಲಿಲ್ಲ. ಹಾಟ್‌ಬಾಕ್ಸ್ ಖಾಲಿಯಾದ ಮೇಲೆ ಅಧ್ಯಕ್ಷರು ಎದ್ದು ತೀರ್ಪು ಕೊಟ್ಟರು: "ನಾವೆಲ್ಲ ಕಣ್ಣಾರೆ ನೋಡಿದೆವು. ಈ ಮನುಷ್ಯನಿಂದ ಯಾವ ಮೀನಿಗೂ ಏನೂ ಆಗುವುದಿಲ್ಲ. ಎಷ್ಟು ಬೇಕಾದರೂ ಕೂತುಕೊಳ್ಳಲಿ."

"ಸಹೀ ಹೈ. ಅಂಕಲ್ ತೋ ಹಾರ್ಮ್‌ಲೆಸ್ ಹೈಂ," ಎಂದು ಹುಡುಗಿಯೂ ಮೊಬೈಲು ಚೀಲಕ್ಕೆ ಹಾಕಿಕೊಂಡಳು.

ನನ್ನ ಭಾನುವಾರಗಳು ಉಳಿದವು, ಅಡುಗೆಮನೆ ಉಳಿಯಿತು. ರಿಕ್ಷಾದಲ್ಲಿ ಬಹಳ ದಿನದ ಮೇಲೆ ಬೆನ್ನು ಆನಿಸಿ ಕೂತೆ. ಮಾಜಿವಾಡಾದ ಫ್ಲೈಓವರ್ ಬಂದಾಗ ಯಜಮಾನರು ನನ್ನ ಕಡೆ ತಿರುಗಿದರು.

"ನನ್ನ ಹಿಟ್ಟನ್ನು ಕೇಳಿ ಕೇಳಿ ತಿಂದರು. ನೋಡಿದೆಯಲ್ಲ?"

"ನೋಡಿದೆ."

"ನಿನ್ನ ಬನ್ಸನ್ನು ಒಂದು ಮೀನೂ ಮೂಸಲಿಲ್ಲ."

"ಹತ್ತಿ ಇರಲಿಲ್ಲ. ನೀರಿನಲ್ಲಿ ಕರಗಿಹೋಗಿರುತ್ತದೆ," ಎಂದೆ, ಬೆನ್ನು ಮತ್ತೆ ನೆಟ್ಟಗೆ ಮಾಡಿಕೊಂಡು.

"ಕರಗಲಿ. ಕರಗಿದ್ದನ್ನು ತಿನ್ನಲಿಕ್ಕಾದರೂ ಬರಬಹುದಿತ್ತಲ್ಲ?" ಎಂದು ಇವರು ಹೊರಗೆ ನೋಡುತ್ತ ನಿಟ್ಟುಸಿರಿಟ್ಟರು. "ಆ ಕೆರೆಯಲ್ಲಿ ಬೇರೆ ಹೋಟೆಲು ಸಹ ಇಲ್ಲ."